ಡೆನಿಸ್ ಇರ್ವಿನ್ ಯಾಕೆ ಹೊರಗೆ? (ಭಾಗ 3)

ಪ್ರೀಮಿಯರ್ ಲೀಗ್ ಹಾಲ್ ಆಫ್ ಫೇಮ್‌ಗೆ ಯಾರು ಹೋಗ್ಬೇಕು ಅಂದ್ರೆ ನೀವೆಲ್ಲ ಹೇಳೋದು ಸ್ಟ್ರೈಕರ್ ಹೆಸರೇ. ನಿಮ್ಮನ್ನೇನು ಬೈಯೋದು ಬಿಡಿ, ಅವರೂ ಹಂಗೇ ಶುರು ಮಾಡಿದ್ದು. 2021ರ ಮೊದಲ 8 ಜನ ನೋಡಿ: ಶಿಯರರ್, ಹೆನ್ರಿ, ಕ್ಯಾಂಟೊನಾ, ಕೀನ್, ಲ್ಯಾಂಪಾರ್ಡ್, ಬರ್ಗ್‌ಕ್ಯಾಂಪ್, ಜೆರಾರ್ಡ್, ಬೆಕಮ್. ಒಬ್ಬ ಡಿಫೆಂಡರ್ ಇಲ್ಲ, ಒಬ್ಬ ಗೋಲ್‌ಕೀಪರ್ ಇಲ್ಲ!

ಇರ್ವಿನ್ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಗೆದ್ದಿದ್ದು 7 ಪ್ರೀಮಿಯರ್ ಲೀಗ್ ಟೈಟಲ್. ಬಲಗಾಲಿನ ಆಟಗಾರ, ವರ್ಷಗಟ್ಟಲೆ ಆಡಿದ್ದು ಲೆಫ್ಟ್ ಬ್ಯಾಕ್. ಫ್ರೀ ಕಿಕ್ ಹೊಡೀತಿದ್ದ, ಪೆನಾಲ್ಟಿನೂ ಹೊಡೀತಿದ್ದ. 1990ರಲ್ಲಿ ಓಲ್ಡಮ್‌ನಿಂದ ಕೊಂಡಿದ್ದು 6,25,000 ಪೌಂಡ್‌ಗೆ. ಬಿಕಾಂ ಹುಡುಗ್ರೇ, ಇಂಥ ರಿಟರ್ನ್ ಯಾವ ಷೇರಲ್ಲಿ ಬರುತ್ತೆ ಹೇಳಿ?

"ಟೈಟಲ್ ಟೀಮಿಂದು ಗುರು, ಒಬ್ಬನದ್ದಲ್ಲ" ಅಂತೀರಾ? ಸರಿ. ಜೆರಾರ್ಡ್‌ಗೆ ಒಂದೂ ಇಲ್ಲ, ಅವನ ಜಾಗ ನಾನು ಪ್ರಶ್ನೆ ಮಾಡಲ್ಲ. ಆದ್ರೆ ಡಿಫೆಂಡರ್‌ನ ಇನ್ಯಾವುದ್ರಲ್ಲಿ ಅಳೀತೀರಾ? ಅವನು ತಡೆದ ಗೋಲು ಸ್ಕೋರ್‌ಬೋರ್ಡಲ್ಲಿ ಬರಲ್ಲ, ರೀಲ್ಸಲ್ಲಂತೂ ಬರೋದೇ ಇಲ್ಲ. 2024ರಲ್ಲಿ ಆಶ್ಲಿ ಕೋಲ್ ಒಳಗೆ ಹೋದ. ನ್ಯಾಯವೇ. ಅದೇ ಲೆಫ್ಟ್ ಬ್ಯಾಕ್ ಜಾಗ, 3 ಟೈಟಲ್. 7 ಗೆದ್ದವನು ಹೊರಗಡೆ ನಿಂತು ಚಪ್ಪಾಳೆ ತಟ್ಬೇಕಾ?

ಇರ್ವಿನ್ ಬೇಡ ಅನ್ನೋರು ಕಾರಣ ಸಮೇತ ಕಾಮೆಂಟಿಗೆ ಬನ್ನಿ. "ಯಾರವನು?" ಅನ್ನೋದು ಕಾರಣ ಅಲ್ಲ.