ಬ್ಲಾಕ್‌ಚೈನ್ ದಾಖಲೆ ತಿದ್ದಲಿ, ಆದರೆ ತಿದ್ದಿದವರ ಹೆಸರೂ ಇರಲಿ

ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಹಾಕಿ, ‘ನಿಮ್ಮ ತೋಟದ ದಾಖಲೆ ಬ್ಲಾಕ್‌ಚೈನ್‌ನಲ್ಲಿ ಇಡ್ತೀವಿ, ಯಾರೂ ತಿದ್ದೋಕಾಗಲ್ಲ’ ಅಂತ ಹೇಳಿಕೊಂಡು ಸಾವಯವ ಬೆಳೆಗಾರರ ಹತ್ತಿರ ಬರುವವರಿದ್ದಾರೆ. ನಮ್ಮ ಕಾಫಿ ಮಂಡಳಿ 2019ರಲ್ಲೇ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತ್ತು. ತಂತ್ರಜ್ಞಾನದ ಬಗ್ಗೆ ನನಗೆ ತಕರಾರಿಲ್ಲ. ಆ ‘ತಿದ್ದೋಕಾಗಲ್ಲ’ ಅನ್ನೋ ಹೆಮ್ಮೆಯ ಬಗ್ಗೆ ಇದೆ.

ಮಾವು, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಸಾವಯವ ಪರಿವರ್ತನೆ ಅವಧಿ 3 ವರ್ಷ. ಡೇಟಾ ಎಂಟ್ರಿ ಮಾಡುವವರು ಶುರುವಿನ ವರ್ಷ 2022ರ ಬದಲು 2023 ಅಂತ ಒತ್ತಿದರೆ? ಒಂದು ವರ್ಷದ ಸಾವಯವ ದರ ಕೈಬಿಟ್ಟಂತೆ. ಬ್ಲಾಕ್‌ಚೈನ್ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಯುತ್ತೆ.

ಇದರಲ್ಲಿ ಪ್ರತಿ ಪುಟವೂ ಹಿಂದಿನ ಪುಟದ ಗುರುತನ್ನು, ಅಂದ್ರೆ ಹ್ಯಾಶ್ ಅನ್ನು ಹೊತ್ತಿರುತ್ತೆ. ಒಂದಕ್ಷರ ಬದಲಾದರೂ ಸರಪಳಿ ಕಡಿಯುತ್ತೆ. ಇದಕ್ಕೆ ‘ಗೋಸುಂಬೆ ಹ್ಯಾಶ್’ ಎಂಬ ಉಪಾಯವಿದೆ: ಗುಪ್ತ ಕೀಲಿ ಇದ್ದವರು ಒಳಗಿನ ಬರಹ ಬದಲಿಸಿದರೂ ಗುರುತು ಹಾಗೇ ಉಳಿಯುತ್ತೆ. 2017ರಲ್ಲಿ ಅಟೆನಿಯೇಸೆ ಮತ್ತು ಸಂಗಡಿಗರು ಇದನ್ನು ಬ್ಲಾಕ್‌ಚೈನ್‌ಗೆ ಅಳವಡಿಸುವ ದಾರಿ ತೋರಿಸಿದರು. ಆದರೆ ಕೀಲಿ ಖರೀದಿದಾರನೊಬ್ಬನ ಕೈಲಿದ್ದರೆ? ನಿಮ್ಮ ‘ಎ’ ದರ್ಜೆ ರಾತ್ರೋರಾತ್ರಿ ‘ಬಿ’ ಆದರೂ ಸಾಕ್ಷಿ ಇರಲ್ಲ. ಹಾಗಾಗಿ ಕೀಲಿಯನ್ನು ರೈತರ ಗುಂಪು, ಪ್ರಮಾಣೀಕರಣ ಸಂಸ್ಥೆ, ಖರೀದಿದಾರ ಮೂವರಿಗೂ ಹಂಚಬೇಕು. ಇಬ್ಬರಾದರೂ ಸಹಿ ಹಾಕದೆ ತಿದ್ದುಪಡಿ ಆಗಬಾರದು. ಯಾರು, ಯಾವಾಗ, ಯಾಕೆ ಅನ್ನೋದು ಅಲ್ಲೇ ಅಂಟಿಕೊಂಡಿರಬೇಕು.

ಇದೇನು ಹೊಸದಲ್ಲ. ಪಹಣಿಯಲ್ಲಿ ಮಾಲೀಕರ ಹೆಸರು ಬದಲಾದರೆ ಪಕ್ಕದಲ್ಲೇ ಎಂ.ಆರ್. ನಂಬರ್ ಬರುತ್ತಲ್ಲ? ಅದನ್ನು ಹಿಡಿದು ಮ್ಯುಟೇಶನ್ ಕಡತ ತೆಗೆಸಬಹುದು. (ತೆಗೆಸೋಕೆ ಎಷ್ಟು ಸಲ ಓಡಾಡಬೇಕು ಅನ್ನೋದು ಬೇರೆ ಕಥೆ ಬಿಡಿ.)

ನನ್ನ ಪ್ರಕಾರ ದಿನಾಂಕ, ಇಳುವರಿ, ಸರ್ವೆ ನಂಬರಿನ ತಪ್ಪಿಗೆ ಗೋಸುಂಬೆ ಬೇಡ. ಹಳೆಯದು ಹಾಗೇ ಇರಲಿ, ಕೆಳಗೆ ಸರಿಯಾದದ್ದು ಸೇರಲಿ, ಸ್ಕ್ಯಾನ್ ಮಾಡಿದವರಿಗೆ ಎರಡೂ ಕಾಣಲಿ. ನಿಮ್ಮ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಒಳಗೆ ಸೇರಿಬಿಟ್ಟಿದ್ದರೆ ಮಾತ್ರ ಪೂರ್ತಿ ಅಳಿಸುವ ದಾರಿ ಬೇಕೇ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿಸುವ, ಅಳಿಸುವ ಹಕ್ಕಿನ ಬಗ್ಗೆ ಹೇಳುತ್ತೆ.

ಮುಂದಿನ ಸಲ ಆ್ಯಪಿನವರು ಬಂದಾಗ ಒಟಿಪಿ ಹೇಳುವ ಮೊದಲು ಕೇಳಿ: ತಪ್ಪು ಬಿದ್ದರೆ ತಿದ್ದೋರು ಯಾರು, ತಿದ್ದಿದಾಗ ನನ್ನ ಫೋನಿಗೆ ಮೆಸೇಜ್ ಬರುತ್ತಾ?