ಹಳೆಯ ಕಾರಿನ ಚಕ್ರಕ್ಕೆ ಅಂಟಿದ ಮಣ್ಣು

ಜಪಾನಿನಲ್ಲಿ ಯಾರೋ ಬಳಸಿ ಮಾರಿದ ಕಾರು ಹಡಗೇರಿ ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನ ಬಂದರು ಸೇರಿದಾಗ ಅದು ಎರಡು ತಪಾಸಣೆಗಳನ್ನು ದಾಟಬೇಕಾಗುತ್ತದೆ. ಮೊದಲನೆಯದು ಸುಂಕದ ಇಲಾಖೆಯದು. ಅಲ್ಲಿ ಕಾರಿನ ಬೆಲೆ, ವಯಸ್ಸು, ಕಾಗದಪತ್ರಗಳ ವಿಚಾರಣೆ ನಡೆಯುತ್ತದೆ. ಎರಡನೆಯದು ಕ್ವಾರಂಟೈನ್ ಇಲಾಖೆಯದು. ಅಲ್ಲಿನ ಅಧಿಕಾರಿಗೆ ಕಾರಿನ ಬೆಲೆಯ ಗೊಡವೆಯಿಲ್ಲ. ಚಕ್ರದ ಮೇಲಿನ ಮಡ್‌ಗಾರ್ಡಿನ ಸಂದು, ರೇಡಿಯೇಟರಿನ ಜಾಲರಿ, ಹೆಚ್ಚುವರಿ ಟೈರು ಇಡುವ ಗುಳಿ, ಕಾಲಡಿಯ ಹಾಸು, ಇವುಗಳಲ್ಲಿ ಮಣ್ಣಿದೆಯೇ, ಬೀಜವಿದೆಯೇ, ಎಲೆಯ ಚೂರಿದೆಯೇ, ಹುಳುವಿನ ಮೊಟ್ಟೆಯಿದೆಯೇ ಎಂಬುದಷ್ಟೇ ಆತನ ಪ್ರಶ್ನೆ. ಅಂಥದ್ದೇನಾದರೂ ಸಿಕ್ಕರೆ ಕಾರು ಬಂದರಿನಿಂದ ಕದಲುವುದಿಲ್ಲ. ಮಾಲೀಕ ತನ್ನ ಖರ್ಚಿನಲ್ಲಿ ಅದನ್ನು ಮತ್ತೆ ತೊಳೆಸಬೇಕು, ಮತ್ತೆ ತಪಾಸಣೆಗೆ ಒಪ್ಪಿಸಬೇಕು. ಅದೂ ಆಗದಿದ್ದರೆ ವಾಪಸು ಕಳಿಸಬೇಕು ಅಥವಾ ನಾಶಪಡಿಸಬೇಕು.

ಮೇಲ್ನೋಟಕ್ಕೆ ಇದು ಸಿರಿವಂತ ದೇಶಗಳ ಅತಿಯಾದ ಮಡಿವಂತಿಕೆಯಂತೆ ಕಾಣಬಹುದು. ಆದರೆ ಲಂಟಾನ, ಯುಪಟೋರಿಯಂ, ಪಾರ್ಥೇನಿಯಂಗಳ ನಡುವೆ ಬದುಕುತ್ತಿರುವ ಮಲೆನಾಡಿಗರು ಈ ಮಡಿಯನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ಹಿಡಿ ಮಣ್ಣಿನಲ್ಲಿ ಏನೆಲ್ಲ ಪಯಣಿಸಬಲ್ಲದು ಎಂಬುದನ್ನು ಅವರು ತಮ್ಮ ಬೇಣ, ತೋಟ, ಕಾಡುಗಳಲ್ಲೇ ಕಂಡಿದ್ದಾರೆ.

ಈ ಹಳೆಯ ಕಾರುಗಳ ವ್ಯಾಪಾರಕ್ಕೆ ಅದರದೇ ಆದ ಕಾರಣಗಳಿವೆ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ, ಆಮೇಲೆ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ನಡೆಯುತ್ತದೆ. ಅದರ ವೆಚ್ಚಕ್ಕೆ ಹೆದರಿ ಅನೇಕರು ಗಟ್ಟಿಯಾಗಿರುವ ಕಾರನ್ನೇ ಮಾರಿಬಿಡುತ್ತಾರೆ. ಜಪಾನಿನಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವ ನ್ಯೂಜಿಲೆಂಡಿಗೆ 1980ರ ದಶಕದ ಕೊನೆಯಿಂದ ಇಂಥ ಕಾರುಗಳು ಭಾರೀ ಸಂಖ್ಯೆಯಲ್ಲಿ ಬಂದಿವೆ. ಆಸ್ಟ್ರೇಲಿಯಾದ ನಿಯಮ ಇನ್ನೂ ಬಿಗಿ. ಅಲ್ಲಿನ 2018ರ ರಸ್ತೆ ವಾಹನ ಕಾಯ್ದೆಯ ಪ್ರಕಾರ ಕಾರು ಬಂದರು ತಲಪುವ ಮೊದಲೇ ಆಮದು ಅನುಮತಿ ಕೈಯಲ್ಲಿರಬೇಕು. ಅನುಮತಿಯಿಲ್ಲದೆ ಬಂದ ಕಾರು ಬಂದರಿನ ಅಂಗಳದಲ್ಲಿ ದಿನಬಾಡಿಗೆ ತೆರುತ್ತ ನಿಂತಿರುತ್ತದೆ. ಹಳೆಯ ಬ್ರೇಕು, ಕ್ಲಚ್ಚು, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುವಂತಿಲ್ಲ. 2003ರ ಡಿಸೆಂಬರ್ 31ರಿಂದ ಆ ದೇಶದಲ್ಲಿ ಕಲ್ನಾರು ಪೂರ್ಣ ನಿಷಿದ್ಧ. ಇಷ್ಟೆಲ್ಲ ದಾಟಿದ ಮೇಲೂ ಚಕ್ರದ ಸಂದಿಯ ಒಣಮಣ್ಣು ಕಾರನ್ನು ತಡೆಯಬಲ್ಲದು.

ಈ ಭಯಕ್ಕೆ ಆಧಾರವಿದೆ. ಚೀನಾ, ಜಪಾನ್, ಕೊರಿಯಾ ಮೂಲದ ಕಂದುಮಚ್ಚೆಯ ಗಬ್ಬುತಿಗಣೆಯ ಕಥೆಯನ್ನೇ ನೋಡಬಹುದು. ಭತ್ತದ ತೆನೆಯ ಹಾಲು ಹೀರುವ ತಿಗಣೆಯ ದೂರದ ನೆಂಟನಾದ ಇದು ಸೇಬು, ಪೇರು, ದ್ರಾಕ್ಷಿ, ಜೋಳ, ತರಕಾರಿ ಯಾವುದನ್ನೂ ಬಿಡದು. ಚಳಿಗಾಲ ಬಂತೆಂದರೆ ಬೆಚ್ಚಗಿನ ಸಂದು ಹುಡುಕಿ ಗುಂಪುಗುಂಪಾಗಿ ಅಡಗುತ್ತದೆ. ನಿಂತ ಕಾರಿಗಿಂತ ಒಳ್ಳೆಯ ಅಡಗುತಾಣ ಇನ್ನಾವುದಿದೆ? 1990ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದ ಈ ಕೀಟ 2010ರ ಒಂದೇ ಹಂಗಾಮಿನಲ್ಲಿ ಪೂರ್ವದ ರಾಜ್ಯಗಳ ಸೇಬು ಬೆಳೆಗಾರರಿಗೆ 3 ಕೋಟಿ 70 ಲಕ್ಷ ಡಾಲರ್ ನಷ್ಟ ಉಂಟುಮಾಡಿತು. 2012ರಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡು 2019ರ ಹೊತ್ತಿಗೆ ಉತ್ತರ ಇಟಲಿಯ ಹಣ್ಣಿನ ತೋಟಗಳನ್ನು ಹಾಳುಗೆಡವಿತು. 2018ರ ಫೆಬ್ರವರಿಯಲ್ಲಿ ಜಪಾನಿನ ಕಾರುಗಳನ್ನು ಹೊತ್ತು ಆಕ್ಲೆಂಡಿಗೆ ಬಂದ ಹಡಗುಗಳಲ್ಲಿ ಇದೇ ತಿಗಣೆ ಸಿಕ್ಕಾಗ ನ್ಯೂಜಿಲೆಂಡ್ ಸರ್ಕಾರ ಆ ಹಡಗುಗಳನ್ನೇ ಹಿಂದಕ್ಕಟ್ಟಿತು. ಕಾರು ಮಾರುವವರು ಗೋಳಿಟ್ಟರು, ಸರ್ಕಾರ ಕದಲಲಿಲ್ಲ.

ಅದಕ್ಕೂ ಮುಂಚೆ, 2003ರಲ್ಲಿ, ಅದೇ ದೇಶದ ಹ್ಯಾಮಿಲ್ಟನ್ ನಗರದಲ್ಲಿ ಇಟ್ಟ ಬಲೆಗೆ ಏಷ್ಯಾದ ಜಿಪ್ಸಿ ಪತಂಗ ಸಿಕ್ಕಿಬಿತ್ತು. ಸಿಕ್ಕಿದ್ದು ಒಂದೇ ಒಂದು ಗಂಡು ಪತಂಗ. ಅಷ್ಟಕ್ಕೇ ನಗರದ ಒಂದು ಭಾಗದ ಮೇಲೆ ವಿಮಾನದಿಂದ ಜೈವಿಕ ಕೀಟನಾಶಕ ಸಿಂಪಡಿಸಲಾಯಿತು. ಈ ಪತಂಗದ ಮೊಟ್ಟೆಯ ಗೂಡುಗಳು ಜಪಾನಿನಿಂದ ಬಂದ ಹಳೆಯ ಕಾರುಗಳ ಮೇಲೆ ಅದಕ್ಕೂ ಮೊದಲೇ ಸಿಕ್ಕಿದ್ದವು. ಮರದ ಎಲೆಯನ್ನು ಬೋಳಿಸುವ ಈ ಹುಳು ಕಾಡಿಗಿಳಿದ ಮೇಲೆ ಹಿಡಿಯಲಾಗದು ಎಂಬ ಅರಿವು ಆ ಆತುರದ ಹಿಂದಿತ್ತು.

ಈ ವ್ಯವಸ್ಥೆ ನಿರ್ದೋಷವೇನಲ್ಲ. ಕೀಟನಾಶಕ್ಕೆ ಬಳಸುವ ಮೀಥೈಲ್ ಬ್ರೋಮೈಡ್ ಅನಿಲ ಓಝೋನ್ ಪದರಕ್ಕೆ ಮಾರಕ. ಬೇರೆ ಬಳಕೆಗಳಿಗೆ ಅದನ್ನು ನಿಲ್ಲಿಸಲು ಹೊರಟ ಮಾಂಟ್ರಿಯಲ್ ಒಪ್ಪಂದ ಕ್ವಾರಂಟೈನ್ ಬಳಕೆಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಬಿಸಿಗಾಳಿಯಲ್ಲಿ ಕಾರನ್ನು ಕಾಯಿಸಿ ಕೀಟ ಕೊಲ್ಲುವ ವಿಧಾನ ಇರುವಾಗ ಈ ವಿನಾಯಿತಿ ಎಷ್ಟು ಕಾಲ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಇನ್ನೂ ದೊಡ್ಡ ದೋಷ ಬೇರೊಂದಿದೆ. ತಮ್ಮ ಮಣ್ಣನ್ನು ಹೀಗೆ ಕಾಯ್ದುಕೊಳ್ಳುವ ಶಕ್ತಿ ಎಲ್ಲ ದೇಶಗಳಿಗೂ ಇಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಹೊರತಂದ ವರದಿಯ ಪ್ರಕಾರ, 2015ರಿಂದ 2018ರವರೆಗೆ ಯೂರೋಪು, ಅಮೆರಿಕ, ಜಪಾನುಗಳಿಂದ 1 ಕೋಟಿ 40 ಲಕ್ಷ ಹಳೆಯ ಲಘು ವಾಹನಗಳು ರಫ್ತಾದವು. ಅವುಗಳಲ್ಲಿ ಶೇ. 80ರಷ್ಟು ಹೋದದ್ದು ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ; ಅತಿ ಹೆಚ್ಚು ಆಫ್ರಿಕಾಕ್ಕೆ. ಅಧ್ಯಯನಕ್ಕೆ ಒಳಪಟ್ಟ 146 ದೇಶಗಳಲ್ಲಿ ಮೂರನೇ ಎರಡರಷ್ಟು ದೇಶಗಳ ಆಮದು ನಿಯಮಗಳು ದುರ್ಬಲ. ಒಂದೆಡೆ ಚಕ್ರದ ಮಣ್ಣನ್ನೂ ಬಿಡದ ತಪಾಸಣೆ. ಇನ್ನೊಂದೆಡೆ ಹೊಗೆಯುಗುಳುವ ಬಂಡಿಗೂ ತೆರೆದ ಬಾಗಿಲು. ಪಶ್ಚಿಮ ಆಫ್ರಿಕಾದ ದೇಶಗಳು ಒಟ್ಟಾಗಿ 2021ರಿಂದ ಆಮದು ವಾಹನಗಳಿಗೆ ಹೊಗೆಯ ಮಿತಿ ವಿಧಿಸಲು ಮುಂದಾದದ್ದು ಈ ಅನ್ಯಾಯಕ್ಕೆ ಕೊಟ್ಟ ಉತ್ತರ.

ಭಾರತದ ಸ್ಥಿತಿಯೇನು? ಹಳೆಯ ಕಾರಿನ ಆಮದಿಗೆ ಇಲ್ಲಿಯೂ ಕಟ್ಟುಪಾಡುಗಳಿವೆ. ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಳೆಯ ಕಾರು ಬರುವಂತಿಲ್ಲ, ಸ್ಟೀರಿಂಗ್ ಬಲಬದಿಯಲ್ಲಿರಬೇಕು, ಸುಂಕವಂತೂ ಕಾರಿನ ಬೆಲೆಯನ್ನೇ ಮೀರುತ್ತದೆ. ಈ ನಿಯಮಗಳ ಹಿಂದಿರುವುದು ರಸ್ತೆ, ತೆರಿಗೆ, ಮಾರುಕಟ್ಟೆಗಳ ಚಿಂತೆ. 2003ರ ಸಸ್ಯ ಕ್ವಾರಂಟೈನ್ ಆದೇಶ ಹೊರದೇಶದ ಮಣ್ಣು, ಬೀಜ, ಗಿಡಗಳ ಆಮದನ್ನು ನಿರ್ಬಂಧಿಸಿದೆಯಾದರೂ ಅದರ ಕಾವಲು ಬಂದರು, ವಿಮಾನ ನಿಲ್ದಾಣ, ಗಡಿಗಳಲ್ಲಿ ಮುಗಿಯುತ್ತದೆ. ದೇಶದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಪೀಡೆ ಹರಡದಂತೆ ತಡೆಯುವ ಅಧಿಸೂಚನೆ ಇರುವುದು ಬೆರಳೆಣಿಕೆಯ ಪೀಡೆಗಳಿಗೆ ಮಾತ್ರ. ಕಾಫಿಯ ಕಾಯಿಕೊರಕ ಅವುಗಳಲ್ಲೊಂದು. ಆಫ್ರಿಕಾ ಮೂಲದ ಆ ದುಂಬಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ಕೊಡಗಿಗೆ ಹಬ್ಬಿತು. ಇಂದು ಅದರ ಕಾಟವಿಲ್ಲದ ಕಾಫಿ ಸೀಮೆಯನ್ನು ಹುಡುಕಬೇಕಾಗಿದೆ.

ಪಾರ್ಥೇನಿಯಂ ವಿಚಾರದಲ್ಲಂತೂ ಕಲಿಯಬೇಕಾದ ಪಾಠ ಕಣ್ಣೆದುರಿಗೇ ಇದೆ. ಕರ್ನಾಟಕದ ಹಳ್ಳಿಗರು ಕಾಂಗ್ರೆಸ್ ಗಿಡವೆಂದು ಕರೆಯುವ ಇದು 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಲ್ಪಟ್ಟು ದೇಶವನ್ನೇ ಆವರಿಸಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯವನ್ನೂ ಇದೇ ಗಿಡ ಹೊಕ್ಕಿದೆ. ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯ ಮಾಡಿದ್ದೇನು? ಕ್ವೀನ್ಸ್‌ಲೆಂಡಿನಿಂದ ಬರುವ ಕಟಾವು ಯಂತ್ರಗಳನ್ನು ತೊಳೆಯದೆ, ತಪಾಸಣೆಗೆ ಒಳಪಡಿಸದೆ ಗಡಿಯೊಳಗೆ ಬಿಡುವುದಿಲ್ಲವೆಂಬ ನಿಯಮ ಮಾಡಿತು. ಕ್ವೀನ್ಸ್‌ಲೆಂಡಿನಲ್ಲಿ ವಾಹನ ತೊಳೆಯಲೆಂದೇ ಸಾರ್ವಜನಿಕ ಕಟ್ಟೆಗಳಿವೆ. ಬಂದರಿನಲ್ಲಿ ಹಳೆಯ ಕಾರಿಗೆ ಅನ್ವಯಿಸುವ ತರ್ಕವನ್ನೇ ಆ ದೇಶ ತನ್ನ ಒಳಗಡಿಗೂ ಅನ್ವಯಿಸಿತು.

ಮಲೆನಾಡಿಗೆ ಹಡಗಿನಲ್ಲಿ ಯಾವ ಹಳೆಯ ಕಾರೂ ಬರುವುದಿಲ್ಲ. ಬರುವುದು ಬಯಲುಸೀಮೆಯಲ್ಲಿ ನೆಲ ಅಗೆದು ಬಂದ ಜೆಸಿಬಿ, ಹೊರಜಿಲ್ಲೆ ಹೊರರಾಜ್ಯಗಳ ಭತ್ತ ಕಟಾವು ಯಂತ್ರ, ರಸ್ತೆ ಅಗಲಗೊಳಿಸಲು ಮಣ್ಣು ಹೊತ್ತ ಟಿಪ್ಪರ್. ಒಂದು ಪಾರ್ಥೇನಿಯಂ ಗಿಡ ಹದಿನೈದು ಸಾವಿರದಷ್ಟು ಬೀಜ ಕೊಡಬಲ್ಲದು. ಧೂಳಿನಷ್ಟು ಸಣ್ಣ ಬೀಜಗಳವು. ಯಂತ್ರದ ಹಲ್ಲಿನ ಸಂದಿಯ ಒಂದು ಮುಷ್ಟಿ ಕೆಸರು ಸಾಕು, ಹೊಸದಾಗಿ ಅಗೆದ ರಸ್ತೆಯ ಅಂಚಿಗೆ ಕಳೆ ಇಳಿಯಲು. ಅಲ್ಲಿಂದ ಗದ್ದೆಗೆ, ಬೇಣಕ್ಕೆ, ಕಾಡಂಚಿಗೆ ದೂರವೇನಿಲ್ಲ. ಆಮೇಲೆ ಕಳೆ ಕೀಳುವ ಕೂಲಿ, ದನಕ್ಕೆ ಮೇವಿಲ್ಲದ ನಷ್ಟ, ಉಬ್ಬಸ ಮತ್ತು ಚರ್ಮದ ತುರಿಕೆ ಎಲ್ಲವೂ ಹಳ್ಳಿಯವರ ಪಾಲು. ಯಂತ್ರ ತಂದ ಗುತ್ತಿಗೆದಾರ ಬಿಲ್ಲು ಪಡೆದು ಹೋಗಿರುತ್ತಾನೆ.

ಹಳೆಯ ಕಾರಿನ ನಿಯಮದಲ್ಲಿ ಅಡಗಿರುವ ನ್ಯಾಯ ಇಲ್ಲಿ ಸ್ಪಷ್ಟವಾಗುತ್ತದೆ. ತೊಳೆಯುವ ಖರ್ಚು ತರುವವನದು. ಮಣ್ಣು ಯಾರದೋ ಅವರದಲ್ಲ. ಕೀಳುವ ಖರ್ಚಿಗೆ ಹೋಲಿಸಿದರೆ ತೊಳೆಯುವ ಖರ್ಚು ಏನೇನೂ ಅಲ್ಲ.

ಆದ್ದರಿಂದ ಘಟ್ಟದ ಗ್ರಾಮ ಪಂಚಾಯಿತಿಗಳು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಊರೊಳಗೆ ನಡೆಯುವ ಪ್ರತಿ ಕಾಮಗಾರಿಯ ಕರಾರಿನಲ್ಲಿ ಯಂತ್ರಗಳನ್ನು ತೊಳೆದು ತರಬೇಕೆಂಬ ಒಂದು ಸಾಲು ಸೇರಿಸಬೇಕೆಂದು ಗ್ರಾಮಸಭೆ ನಿರ್ಣಯ ಮಾಡಬೇಕು. ಕಟಾವು ಯಂತ್ರ ಕರೆಸುವ ರೈತರು ಅದು ಗದ್ದೆಗಿಳಿಯುವ ಮೊದಲು ಹಿಂದಿನ ಊರಿನ ಹೊಟ್ಟು, ಕೆಸರು ತೆಗೆಸಬೇಕು. ತೊಳೆದ ನೀರು ಹಳ್ಳಕ್ಕೆ ಸೇರದಂತೆ ಒಂದೇ ಜಾಗದಲ್ಲಿ ಇಂಗಿಸಿ, ಅಲ್ಲಿ ಮೊಳೆತ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಮಳೆಗಾಲದಲ್ಲಿ ಹೊಸ ರಸ್ತೆಗಳ ಅಂಚಿನಲ್ಲಿ ನಡೆದು, ಹೊಸದಾಗಿ ಕಾಣಿಸಿದ ಕಳೆಗಳನ್ನು ಗುರುತಿಸಿ ಪಂಚಾಯಿತಿಗೆ ತಿಳಿಸಬಹುದು. ಮೊದಲ ಹತ್ತು ಗಿಡಗಳನ್ನು ಕೈಯಲ್ಲಿ ಕೀಳಬಹುದು. ಹತ್ತು ಎಕರೆಯನ್ನು ಯಾರೂ ಕೀಳಲಾರರು.