ಹಳೆಯ ಕಾರಿನ ಎಂಜಿನ್‌ಗೆ ಕೈ ಹಾಕುವ ಮುನ್ನ

ಮನೆಯಲ್ಲಿ ಹಳೆಯ ಕಾರೊಂದಿದ್ದರೆ ಒಂದಲ್ಲ ಒಂದು ದಿನ ಊಟದ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ: "ಇದರಲ್ಲಿ ಪಿಕಪ್ಪೇ ಇಲ್ಲ, ಏನಾದರೂ ಮಾಡಿಸಬೇಕು." ಸಹೋದರಿಯರೇ, ಇದು ಗಂಡಸರ ವಿಷಯವೆಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗಬೇಡಿ. ಖರ್ಚಾಗುವುದು ಮನೆಯ ಹಣ. ಆ ಕಾರಿನಲ್ಲಿ ಕೂರುವವರು ನಿಮ್ಮ ಮಕ್ಕಳು.

ನಮ್ಮದು 2004ರ ಮಾರುತಿ ಎಸ್ಟೀಮ್. ಆರ್.ಟಿ. ನಗರದಿಂದ ಹೆಬ್ಬಾಳದ ಕಡೆಗೆ ವಾರಕ್ಕೆರಡು ಸಲ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು ಅದರಲ್ಲೇ. ಒಂದು ಮಧ್ಯಾಹ್ನ ಐದು ಜನ ಕೂತಿದ್ದೆವು, ಎ.ಸಿ. ಹಾಕಿತ್ತು. ಹೆಬ್ಬಾಳ ಮೇಲ್ಸೇತುವೆಯ ಏರಿನಲ್ಲಿ ಕಾರು ಉಸಿರು ಕಟ್ಟಿದಂತೆ ನಿಧಾನವಾಯಿತು. ಹಿಂದಿನಿಂದ ಒಂದೇ ಸಮನೆ ಹಾರ್ನು. ಮೊದಲ ಗೇರಿನಲ್ಲಿ ಹೇಗೋ ಹತ್ತಿ ಇಳಿದೆವು. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.

ಆ ರಾತ್ರಿ ಮನೆಯಲ್ಲಿ ಎರಡು ಪಕ್ಷಗಳಾದವು. "ಅಮ್ಮಿ, ಟರ್ಬೊ ಹಾಕಿಸೋಣ" ಎಂದ ಡಿಪ್ಲೊಮಾ ಓದುವ ಮಗ. "ಟರ್ಬೊ ಯಾಕೋ? ಹಳೆಯ ಬಲೆನೊದ 1.6 ಎಂಜಿನ್ ಇಳಿಸಿದರೆ ಸಾಕು" ಎಂದ ನನ್ನ ಮೈದುನ. ಮನೆಯವರು ನನ್ನ ಮುಖ ನೋಡಿದರು. ಯಾಕೆಂದರೆ ಹಣವೆಂದು ಇದ್ದದ್ದು ನನ್ನ ಚೀಟಿಯ ಹಣ ಒಂದೇ. ಅದು ಮಗಳ ಕಾಲೇಜಿಗೆಂದು ಕಟ್ಟಿದ್ದು.

ಪಾಠ ಮಾಡುವವಳಿಗೆ ತಿಳಿಯದೆ ತಲೆಯಾಡಿಸುವ ಅಭ್ಯಾಸವಿಲ್ಲ. ಇಬ್ಬರನ್ನೂ ಕೂರಿಸಿ ಕೇಳಿದೆ, ಬೇರೆ ಕಡೆಯೂ ವಿಚಾರಿಸಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಎಂಜಿನ್ ಎಂದರೆ ಒಲೆಯಿದ್ದಂತೆ. ಗಾಳಿ ಹೆಚ್ಚು ಸಿಕ್ಕಿದಷ್ಟೂ ಉರಿ ಜೋರು. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಎಂಜಿನ್ನಿನೊಳಗೆ ಒತ್ತುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೇ ಒಂದು ಭಾಗ ತೆಳು, ಸಾಮಾನ್ಯ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದಲ್ಲಿ ಇನ್ನೂ ಇಳಿಯುತ್ತದೆ. ಟರ್ಬೊ ಈ ಕೊರತೆಯನ್ನು ತುಂಬಬಲ್ಲದು. ಮಗನ ಮಾತು ತೀರಾ ಹುಡುಗಾಟಿಕೆಯದಲ್ಲ.

ಆದರೆ ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಅಳತೆಗೆ ಸರಿಯಾಗಿ ಹೆಚ್ಚಿಸಬೇಕು. ಅಳತೆ ತಪ್ಪಿದರೆ ಒಳಗೆ ಅಕಾಲದಲ್ಲಿ ಕಿಡಿ ಹೊತ್ತಿ ಪಿಸ್ಟನ್ ಕರಗುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಆ ಚಕ್ರಕ್ಕೆ ಶುದ್ಧವಾದ ಎಣ್ಣೆ ಸದಾ ಬೇಕು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬಿಲ್ ಕಂಪೆನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಿತು. ಒಳಗಿನ ಸ್ಫೋಟ ತಡೆಯಲು ಅದರಲ್ಲಿ ಒಂದು ವಿಶೇಷ ದ್ರವ ತುಂಬಿಸುತ್ತಿರಬೇಕಿತ್ತು. ಬಹಳ ಮಂದಿ ಮರೆತರು, ದೂರುಗಳು ಬಂದವು, ಕೊನೆಗೆ ಕಂಪೆನಿಯೇ ಅನೇಕ ಕಾರುಗಳಿಂದ ಟರ್ಬೊ ಬಿಚ್ಚಿಕೊಟ್ಟಿತು. ಟರ್ಬೊ ಕೆಟ್ಟದ್ದೆಂದು ಇದರ ಅರ್ಥವಲ್ಲ. ಈಗ ಷೋರೂಮಿನ ಎಷ್ಟೋ ಹೊಸ ಕಾರುಗಳಲ್ಲಿ ಅದಿದೆ. ಆದರೆ ಆ ಎಂಜಿನ್ನನ್ನು ಮೊದಲಿನಿಂದಲೂ ಆ ಒತ್ತಡಕ್ಕೆಂದೇ ಕಟ್ಟಿರುತ್ತಾರೆ. ಇಪ್ಪತ್ತು ವರ್ಷ ಸವೆದ ಎಂಜಿನ್‌ಗೆ ಅದನ್ನು ಕಟ್ಟುವುದು ಎಪ್ಪತ್ತರ ಮುದುಕನ ತಲೆಯ ಮೇಲೆ ಅಕ್ಕಿ ಮೂಟೆ ಹೊರಿಸಿದಂತೆ.

ಎಂಜಿನ್ ಬದಲಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಂಟೆಸ್ಸಾ ಕಾರನ್ನು 1.5 ಲೀಟರಿನ ಹಳೆಯ ಎಂಜಿನ್‌ನೊಂದಿಗೆ ಹೊರತಂದಿತು. ಆ ಭಾರದ ದೇಹಕ್ಕೆ ಅದು ಸಾಲಲಿಲ್ಲ. ಮುಂದೆ ಕಂಪೆನಿಯೇ ಜಪಾನಿನ ಇಸುಜು 1.8 ಎಂಜಿನ್ ಕೂರಿಸಿತು, ಗೇರ್‌ಬಾಕ್ಸನ್ನೂ ಬದಲಿಸಿತು. ನಮ್ಮ ಎಸ್ಟೀಮ್ ಹುಟ್ಟಿದ್ದೂ ಹೀಗೆಯೇ. 1990ರ ಮಾರುತಿ 1000 ಕಾರಿಗೆ 970 ಸಿ.ಸಿ. ಎಂಜಿನ್ ಕಡಿಮೆಯಾಯಿತೆಂದು 1994ರಲ್ಲಿ ಅದೇ ಮೈಕಟ್ಟಿಗೆ 1.3 ಲೀಟರಿನದನ್ನು ಹಾಕಿದರು. ಬಲೆನೊದ 1.6 ಕೂಡ ಅದೇ ಮನೆತನದ ಎಂಜಿನ್, ಆದ್ದರಿಂದ ಕೂರಿಸಲು ಸುಲಭವೆಂದು ಮೈದುನನ ವಾದ. ಆದರೆ ಕಂಪೆನಿ ಬದಲಿಸುವಾಗ ಪರೀಕ್ಷೆ ಮಾಡುತ್ತದೆ, ಸರ್ಕಾರದ ಒಪ್ಪಿಗೆ ಪಡೆಯುತ್ತದೆ. ನಮ್ಮ ಬೀದಿಯ ಗ್ಯಾರೇಜಿನಲ್ಲಿ ಅದು ಸಾಧ್ಯವೇ?

ಸಾಧ್ಯವಿಲ್ಲವೆಂದು ಕಾನೂನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಯಶವಂತಪುರವಾಗಲಿ ಯಲಹಂಕವಾಗಲಿ, ಆರ್.ಟಿ.ಓ. ಇನ್ಸ್‌ಪೆಕ್ಟರು ಬಾನೆಟ್ ತೆರೆಸಿ ಎಂಜಿನ್ ಸಂಖ್ಯೆ ನೋಡಿದರೆ ಏನು ಉತ್ತರ ಕೊಡುತ್ತೀರಿ? ಅದಕ್ಕಿಂತ ದೊಡ್ಡ ಅಪಾಯ ವಿಮೆಯದು. ಅಪಘಾತವಾದ ದಿನ, ತಿಳಿಸದೆ ಮಾರ್ಪಡಿಸಿದ ಕಾರೆಂದು ವಿಮಾ ಕಂಪೆನಿ ತಕರಾರು ತೆಗೆದರೆ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದೀತು. ಆ ದಿನ ಎಂಜಿನ್ ಬದಲಿಸಿದವನು ಜೊತೆಗೆ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ: "ಇದೇ ಕಾರು ಐದು ವರ್ಷದ ಹಿಂದೆ ಇದೇ ಸೇತುವೆಯನ್ನು ಹತ್ತುತ್ತಿತ್ತಲ್ಲ. ಈಗ ಹತ್ತುತ್ತಿಲ್ಲವೆಂದರೆ ಶಕ್ತಿ ಎಲ್ಲಿ ಹೋಯಿತು?" ಇಬ್ಬರ ಬಳಿಯೂ ಉತ್ತರವಿರಲಿಲ್ಲ.

ಯಶವಂತಪುರದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಒಯ್ದೆವು. ಅವರು ಮೊದಲು ನಾಲ್ಕೂ ಸಿಲಿಂಡರುಗಳ ಒತ್ತಡ ಅಳೆದರು. ಮೂರು ಸರಿಯಿದ್ದವು, ಒಂದರಲ್ಲಿ ಮಾತ್ರ ಕಡಿಮೆ. ಅದರ ವಾಲ್ವು ಸರಿಯಾಗಿ ಮುಚ್ಚುತ್ತಿರಲಿಲ್ಲ. ಕ್ಲಚ್ ಪ್ಲೇಟು ಸವೆದು ಜಾರುತ್ತಿತ್ತು. ಮುಂದಿನ ಒಂದು ಚಕ್ರದ ಬ್ರೇಕು ಹಿಡಿದುಕೊಂಡೇ ಇತ್ತು. ಏರ್ ಫಿಲ್ಟರ್ ಕಪ್ಪು ಮಸಿ. "ನೋಡಿ ಮೇಡಂ, ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸ್ತಾ ಇದ್ದೀರಿ. ಇದಕ್ಕೆ ದೊಡ್ಡ ಎಂಜಿನ್ ಹಾಕಿದ್ರೆ ಜೋರಾಗಿ ಹೋಗ್ತಿತ್ತು, ಆದ್ರೆ ನಿಲ್ತಿರಲಿಲ್ಲ" ಎಂದರು. ಆ ಕೊನೆಯ ಮಾತು ನನ್ನ ಎದೆಗೆ ನಾಟಿತು.

ಒಂದು ವಾರದ ಕೆಲಸ. ಆ ವಾರ ಅತ್ತೆಯನ್ನು ಆಟೋದಲ್ಲಿ ಕರೆದೊಯ್ದೆವು. ಚೀಟಿಯ ಹಣದಲ್ಲಿ ಕಾಲು ಭಾಗವೂ ಮುಗಿಯಲಿಲ್ಲ. ಕಾರು ಈಗ ರೇಸಿಗೇನೂ ಹೋಗುವುದಿಲ್ಲ, ಆದರೆ ಹೆಬ್ಬಾಳದ ಏರನ್ನು ಎರಡನೇ ಗೇರಿನಲ್ಲಿ ನಿರಾಯಾಸವಾಗಿ ಹತ್ತುತ್ತದೆ. ಮೇಲೆ ಹೋದರೆ ಹೇಗೂ ಟ್ರಾಫಿಕ್ಕು. ಅಲ್ಲಿ ಟರ್ಬೊ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನಿಮ್ಮ ಮನೆಯಲ್ಲೂ ಈ ಮಾತು ಬಂದರೆ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಅಂಕೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕ್ಲಚ್, ಬ್ರೇಕ್, ಫಿಲ್ಟರ್, ಪ್ಲಗ್ ನೋಡಿಸಿ. ಎಂಜಿನ್ ನಿಜಕ್ಕೂ ಸತ್ತಿದೆಯೆಂದು ಗೊತ್ತಾದರೆ ಅದೇ ಕಂಪೆನಿಯ, ಅದೇ ಮಾದರಿಯ ಎಂಜಿನ್ನನ್ನೇ ಹುಡುಕಿ. ಆರ್.ಟಿ.ಓ. ಅನುಮತಿ ಪಡೆದು ಹೊಸ ಸಂಖ್ಯೆಯನ್ನು ಆರ್.ಸಿ.ಯಲ್ಲಿ ನಮೂದಿಸಿ, ವಿಮಾ ಕಂಪೆನಿಗೂ ತಿಳಿಸಿ. ಗುಜರಿಯಲ್ಲಿ ಕೊಳ್ಳುವುದಾದರೆ ಬಿಲ್ಲು ಮತ್ತು ಅದು ಯಾವ ಕಾರಿನದೆಂಬ ದಾಖಲೆ ಇಲ್ಲದೆ ಮುಟ್ಟಬೇಡಿ. ಕದ್ದ ಕಾರಿನ ಎಂಜಿನ್ ನಿಮ್ಮ ಮನೆಬಾಗಿಲಿಗೆ ಪೊಲೀಸರನ್ನು ತಂದೀತು. ಅದಕ್ಕೂ ಮೀರಿದ ಖರ್ಚು ಬಂದರೆ ಕಾರನ್ನು ಬೀಳ್ಕೊಡುವುದೇ ಲೇಸು.

ಮಗನಿಗೆ ಸ್ವಲ್ಪ ಬೇಸರವಾಗಿತ್ತು. ಆದರೆ ಆ ಮೆಕ್ಯಾನಿಕ್ ವಾಲ್ವ್ ಉಜ್ಜುವುದನ್ನು ಅವನ ಕೈಯಲ್ಲೇ ಮಾಡಿಸಿದರು. ಈಗ ಪ್ರತಿ ಭಾನುವಾರ ಎಣ್ಣೆ ಮಟ್ಟ ನೋಡುವವನು ಅವನೇ. ಮಗಳ ಶುಲ್ಕವನ್ನು ಜೂನ್‌ನಲ್ಲಿ ಕಟ್ಟಿದೆವು.